ಗಾಯಗೊಂಡವರ ಬಳಿ ನಿಲ್ಲುವ ಬೇಳದ ಶೋಕಮಾತೆ

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಸೀತಾಂಗೋಳಿ ದಾಟಿದರೆ ಬೇಳ. ಮುರಕಲ್ಲಿನ ಪದವು, ತಗ್ಗಿನಲ್ಲಿ ಅಡಿಕೆ ತೋಟ, ಇವುಗಳ ನಡುವೆ ಗೋಥಿಕ್ ಶೈಲಿಯ ಎತ್ತರದ ಇಗರ್ಜಿ. 1890ರ ಈ ಶೋಕಮಾತಾ ದೇವಾಲಯ ಇರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಸೇರಿದ್ದು ಮಂಗಳೂರು ಧರ್ಮಪ್ರಾಂತಕ್ಕೆ. 1956ರಲ್ಲಿ ರಾಜ್ಯದ ಗಡಿ ಬದಲಾಯಿತು. ಕೊಂಕಣಿ ಪ್ರಾರ್ಥನೆಯೂ ಮಂಗಳೂರಿನ ನಂಟೂ ಬದಲಾಗಲಿಲ್ಲ.

ಶೋಕಮಾತೆ ಎಂದರೆ ಏಳು ದುಃಖಗಳನ್ನು ಉಂಡ ಮರಿಯಮ್ಮ. ಕೂಸನ್ನು ದೇವಾಲಯಕ್ಕೆ ಒಯ್ದಾಗ ‘ನಿನ್ನ ಎದೆಯನ್ನೂ ಖಡ್ಗ ಇರಿಯುವುದು’ ಎಂದು ವೃದ್ಧ ಸಿಮೆಯೋನ ನುಡಿದಿದ್ದರಿಂದ ಹಿಡಿದು ಮಗನನ್ನು ಸಮಾಧಿ ಮಾಡಿದವರೆಗೆ ಏಳು. ಅವಳ ಎದೆಗೆ ಏಳು ಖಡ್ಗಗಳು ನಾಟಿದಂತೆ ಚಿತ್ರಿಸುವ ಸಂಪ್ರದಾಯ ಕ್ರೈಸ್ತ ಲೋಕದಲ್ಲಿ ಹಳೆಯದು. ಮಗನ ಗಾಯವನ್ನು ತಡೆಯಲು ಅವಳಿಂದ ಆಗಲಿಲ್ಲ. ಆದರೆ ಶಿಲುಬೆಯ ಬುಡ ಬಿಟ್ಟು ಅವಳು ಕದಲಲಿಲ್ಲ. ನೋವಿನಲ್ಲಿ ಮಲಗಿದವರಿಗೆ ಈ ತಾಯಿ ಹತ್ತಿರವಾಗುವುದು ಅದಕ್ಕೇ.

ಈ ಸೀಮೆಯ ಗಾಯಗಳ ಕಥೆಯನ್ನು ತೋಟದಲ್ಲಿಯೇ ಕೇಳಬೇಕು. ಮಳೆಗಾಲ ಬಂತೆಂದರೆ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ. ಪಾಚಿ ಹಿಡಿದ ಮರ, ಕಾಲಿಗೆ ತಳೆ, ಮೇಲೆ ಬೋರ್ಡೋ ದ್ರಾವಣದ ಪೈಪು. ಕಾಲು ಜಾರಿದರೆ ಸೊಂಟ, ಬೆನ್ನುಹುರಿ. ಆಂಬುಲೆನ್ಸ್ ರಾಜ್ಯದ ಗಡಿಯಾದ ತಲಪಾಡಿ ದಾಟಿ ಮಂಗಳೂರಿಗೆ ಓಡುತ್ತದೆ. ಅಲ್ಲಿ ಮೂಳೆಗೆ ಚಿಕಿತ್ಸೆಯಿದೆ. ಮನೆಗೆ ಮರಳಿದ ಮೇಲೆ ಶುರುವಾಗುವ ತಿಂಗಳುಗಳೇ ಕಠಿಣ: ಮಾಡು ನೋಡುತ್ತ ಮಲಗುವುದು, ದುಡಿಯುತ್ತಿದ್ದ ಕೈ ಇನ್ನೊಬ್ಬರ ಕೈ ಕಾಯುವುದು, ‘ನನಗೇ ಯಾಕೆ’ ಎಂದು ರಾತ್ರಿಯಿಡೀ ಕೇಳಿಕೊಳ್ಳುವುದು.

ಇಗರ್ಜಿಯ ಕೆಲಸ ಕಾಣುವುದು ಇಲ್ಲಿಯೇ. ಪೂಜೆಗೆ ಬರಲಾಗದವರ ಮನೆಗೆ ಗುರುಗಳು ಪರಮಪ್ರಸಾದವನ್ನು ತಾವೇ ಒಯ್ಯುತ್ತಾರೆ. ರೋಗಿಗಳ ಅಭ್ಯಂಗವೆಂಬ ಸಂಸ್ಕಾರವೂ ಇದೆ. ಗುರುಗಳು ತಲೆಯ ಮೇಲೆ ಕೈಯಿಟ್ಟು ಮೌನವಾಗಿ ಪ್ರಾರ್ಥಿಸಿ, ಹೆಬ್ಬೆರಳಿಗೆ ಎಣ್ಣೆ ತಾಗಿಸಿಕೊಂಡು ಹಣೆಗೂ ಎರಡೂ ಅಂಗೈಗಳಿಗೂ ಶಿಲುಬೆ ಗುರುತು ಹಾಕುತ್ತಾರೆ. ಪವಿತ್ರ ವಾರದ ಹೊತ್ತಿಗೆ ಬಿಷಪ್ಪರು ಆಶೀರ್ವದಿಸಿದ ಎಣ್ಣೆ ಅದು. ಇದನ್ನು ಸಾಯುವವರಿಗೆ ಮಾತ್ರ ಕೊಡುವುದೆಂಬ ಭಯ ಹಳೆಯ ತಲೆಮಾರಿನಲ್ಲಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಅದು ಗಂಭೀರ ಕಾಯಿಲೆ ಬಿದ್ದವರೆಲ್ಲರಿಗೂ ತೆರೆದುಕೊಂಡಿತು. ಸಂಜೆ ಅಕ್ಕಪಕ್ಕದವರು ಹಾಸಿಗೆಯ ಪಕ್ಕ ಕುಳಿತು ತೇರ್ಸ್, ಅಂದರೆ ಜಪಮಾಲೆ, ಹೇಳುವುದಂತೂ ಯಾವ ಔಷಧಕ್ಕೂ ಕಡಿಮೆಯಲ್ಲ ಎಂದೇ ನನಗೆ ಅನಿಸುತ್ತದೆ. ಒಂಟಿತನ ಅರ್ಧ ಇಳಿಯುವುದು ಆ ದನಿಗಳಿಂದ.

ಬೇಳದ ಇಗರ್ಜಿ ಎದ್ದ ಕಾಲದಲ್ಲಿ ಮಂಗಳೂರು ಮಿಷನ್ ಜೆಸ್ವಿಟ್ ಗುರುಗಳ ಕೈಯಲ್ಲಿತ್ತು. 1878ರ ಕೊನೆಯ ದಿನ ಅವರು ಮಂಗಳೂರಿಗೆ ಬಂದಿಳಿದಿದ್ದರು. ಅವರಲ್ಲೊಬ್ಬರಾದ ಫಾದರ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಮದ್ದು ಕೊಡತೊಡಗಿದರು. ಇಂದಿನ ದೊಡ್ಡ ಆಸ್ಪತ್ರೆಯ ಮೂಲ ಅದು. ಈ ಜೆಸ್ವಿಟ್ ಸಭೆ ಹುಟ್ಟಿದ್ದೇ ಒಂದು ಗಾಯದಿಂದ. 1521ರ ಮೇ 20ರಂದು ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಇಗ್ನೇಷಿಯಸ್ ಲೊಯೋಲಾ ಎಂಬ ಯೋಧನ ಬಲಗಾಲು ಫಿರಂಗಿ ಗುಂಡಿಗೆ ಪುಡಿಯಾಯಿತು. ಅರಿವಳಿಕೆ ಇಲ್ಲದ ಕಾಲ. ತಪ್ಪಾಗಿ ಕೂಡಿದ ಮೂಳೆಯನ್ನು ಮತ್ತೆ ಮುರಿದು ಕೂಡಿಸಿದರು, ಚಾಚಿಕೊಂಡಿದ್ದ ತುಂಡನ್ನು ಗರಗಸದಿಂದ ಕೊಯ್ದರು. ಹಾಸಿಗೆಯಲ್ಲಿ ಓದಲು ಶೌರ್ಯದ ಕಥೆಗಳನ್ನು ಕೇಳಿದರೆ ಅವನ ಮನೆಯಲ್ಲಿದ್ದದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ಓದುತ್ತ ಅವನು ತನ್ನ ಮನಸ್ಸನ್ನೇ ಗಮನಿಸತೊಡಗಿದ. ಕೀರ್ತಿಯ ಕನಸು ಆ ಹೊತ್ತಿಗೆ ಸಿಹಿ, ಆಮೇಲೆ ಬರೀ ಬಣಬಣ. ಸಂತರಂತೆ ಬಾಳುವ ಯೋಚನೆ ಹೋದ ಮೇಲೂ ಸಂತೋಷ ಉಳಿಯುತ್ತಿತ್ತು. ಅದೇ ಗುರುತು ಹಿಡಿದು ನಡೆದ. ಕುಂಟು ಕೊನೆಯವರೆಗೂ ಹೋಗಲಿಲ್ಲ. ಮನಸ್ಸು ಕತ್ತಲಾದಾಗ ಹಿಂದೆ ಕೈಗೊಂಡ ನಿರ್ಧಾರ ಬದಲಿಸಬೇಡ ಎಂಬುದು ಮುಂದೆ ಅವನು ಕಲಿಸಿದ ಪಾಠ. ಹಾಸಿಗೆ ಹಿಡಿದವರಿಗೆ ಇದಕ್ಕಿಂತ ಉಪಯುಕ್ತ ಮಾತು ನನಗೆ ಗೊತ್ತಿಲ್ಲ.

ಶಿಲುಬೆಯ ನೋವು ಈ ನೆಲದಲ್ಲಿ ಕ್ರೈಸ್ತರ ಎದೆಗೆ ಮಾತ್ರ ತಟ್ಟಿದ್ದಲ್ಲ. ಇದೇ ಜಿಲ್ಲೆಯ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನೇ ವಸ್ತುವಾಗಿಸಿ ‘ಗೊಲ್ಗೊಥಾ’ ಖಂಡಕಾವ್ಯ ಬರೆದರು.

ನಂಬಿಕೆ ಮೂಳೆ ಕೂಡಿಸುವುದಿಲ್ಲ. ಹರಕೆಯನ್ನು ನೆಚ್ಚಿ ಫಿಸಿಯೋಥೆರಪಿ ಬಿಟ್ಟವರಿಗೆ ಹಾನಿಯೇ. ವೈದ್ಯರು ಹೇಳಿದ್ದನ್ನು ತಪ್ಪದೆ ಮಾಡಿ, ಉಳಿದ ಭಾರವನ್ನು ಆ ತಾಯಿಯ ಮುಂದೆ ಇಳಿಸುವುದೇ ಸರಿಯಾದ ದಾರಿ.

ಶೋಕಮಾತೆಯ ಸ್ಮರಣೆ ಸೆಪ್ಟೆಂಬರ್ 15ಕ್ಕೆ, ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬ ಕಳೆದ ಏಳನೆಯ ದಿನ. ನಿಮ್ಮ ವಾಳೆಯಲ್ಲಿ, ಅಂದರೆ ಇಗರ್ಜಿಯ ವಾರ್ಡಿನಲ್ಲಿ, ಬಿದ್ದು ಮಲಗಿದವರಿದ್ದರೆ ಅದರ ಮುಖಂಡರಾದ ಗುರ್ಕಾರರಿಗೆ ತಿಳಿಸಿ, ಗುರುಗಳು ಮನೆಗೇ ಬರುತ್ತಾರೆ. ನೀವೂ ಒಮ್ಮೆ ಹೋಗಿ ಅವರ ಪಕ್ಕ ಕುಳಿತು ಬನ್ನಿ.