ಕಿಡ್ನಿ ಕಾಯುವ ಮದ್ದೇ ಕಿಡ್ನಿಗೆ ಕುತ್ತಾದಾಗ

ನಮ್ಮೂರು ಮಸೂತಿಯ ಕಡೆ ಯಾರಿಗಾದರೂ ಕಿಡ್ನಿ ಕಸಿ ಮಾಡಿಸಬೇಕೆಂದರೆ, ಕೊಡುವವರು ಯಾರು, ಆಪರೇಷನ್‌ಗೆ ರೊಕ್ಕ ಎಲ್ಲಿಂದ ಎಂಬ ಚಿಂತೆಯೇ ಮೊದಲು. ಆಮೇಲೆ ಬದುಕಿಡೀ ನುಂಗಬೇಕಾದ ಗುಳಿಗೆಗಳ ಮಾತು ಕಡೆಗೆ ಬರುತ್ತದೆ. ಅದು ಮೊದಲೇ ಬರಬೇಕು.

ಬೇರೆಯವರ ಅಂಗವನ್ನು ದೇಹ ಒಲ್ಲೆನ್ನುತ್ತದೆ. ಸುಟ್ಟಗಾಯವಾದ ಮಹಿಳೆಯೊಬ್ಬಳಿಗೆ ಗ್ಲಾಸ್ಗೋದಲ್ಲಿ ಗಿಬ್ಸನ್ ಮತ್ತು ಮೆಡಾವರ್ ಎಂಬ ಸಂಶೋಧಕರು ಅವಳ ಸಹೋದರನ ಚರ್ಮವನ್ನು ಎರಡು ಸಲ ಹಚ್ಚಿ ನೋಡಿದರು. ಎರಡನೆಯದು ಇನ್ನೂ ಬೇಗ ನಾಶವಾಯಿತು. 1943ರಲ್ಲಿ ಅವರು ಪ್ರಕಟಿಸಿದ ಈ ಸಂಗತಿ, ತಿರಸ್ಕಾರ ರೋಗನಿರೋಧಕ ಶಕ್ತಿಯ ಕೆಲಸ ಎಂದು ತೋರಿಸಿತು. 1954ರಲ್ಲಿ ಬಾಸ್ಟನ್‌ನಲ್ಲಿ ಕಿಡ್ನಿ ಕಸಿ ಗೆದ್ದದ್ದು ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳಾಗಿದ್ದರಿಂದ. ಉಳಿದವರಿಗೆ ಆ ಶಕ್ತಿಯನ್ನು ಕುಗ್ಗಿಸುವ ಮದ್ದೇ ಬೇಕು.

ಅಂಥ ಮದ್ದೊಂದು ಮಣ್ಣಿನಲ್ಲಿ ಸಿಕ್ಕಿತು. 1969ರಲ್ಲಿ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ನೌಕರನೊಬ್ಬ ರಜೆಗೆ ಹೋದಾಗ ನಾರ್ವೆಯ ಹಾರ್ಡಂಗರ್ ಪ್ರಸ್ಥಭೂಮಿಯಿಂದ ಮಣ್ಣು ತಂದಿದ್ದ. ಅದರಲ್ಲಿದ್ದ ಬೂಷ್ಟಿನಿಂದ ಬಂದ ಸೈಕ್ಲೋಸ್ಪೋರಿನ್‌ಗೆ ನಿರೋಧಕ ಶಕ್ತಿಯನ್ನು ತಗ್ಗಿಸುವ ಗುಣವಿದೆಯೆಂದು ಬೋರೆಲ್, ಸ್ಟೇಹೆಲಿನ್ ಅವರ ತಂಡ 1972ರಲ್ಲಿ ಕಂಡಿತು. ಕೇಂಬ್ರಿಜ್‌ನಲ್ಲಿ ಶಸ್ತ್ರವೈದ್ಯ ರಾಯ್ ಕಾಲ್ನ್ ಅವರ ತಂಡ ಅದನ್ನು ಪ್ರಾಣಿಗಳಿಗೆ ಕೊಟ್ಟಿತು. ಕಸಿ ಮಾಡಿದ ಅಂಗ ಉಳಿಯಿತು, ಕಿಡ್ನಿಗೆ ಧಕ್ಕೆಯೇನೂ ಕಾಣಲಿಲ್ಲ.

1978ರಲ್ಲಿ ಮನುಷ್ಯರಿಗೆ ಕೊಟ್ಟಾಗ ಕಂಡದ್ದೇ ಬೇರೆ. ಹೊಸ ಕಿಡ್ನಿ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲ ಏರಿತು. ದೇಹ ಕಿಡ್ನಿಯನ್ನು ತಿರಸ್ಕರಿಸುತ್ತಿದೆಯೇ, ಮದ್ದೇ ಅದನ್ನು ಕೆಡಿಸುತ್ತಿದೆಯೇ? ಎರಡಕ್ಕೂ ಲಕ್ಷಣ ಒಂದೇ, ಉಪಾಯ ಮಾತ್ರ ತದ್ವಿರುದ್ಧ: ತಿರಸ್ಕಾರವಾದರೆ ನಿರೋಧಕ ಶಕ್ತಿಯನ್ನು ಇನ್ನಷ್ಟು ತಗ್ಗಿಸಬೇಕು, ವಿಷವಾದರೆ ಮದ್ದು ಇಳಿಸಬೇಕು. ತಪ್ಪಿದರೆ ಯಾರೋ ಕೊಟ್ಟ ಕಿಡ್ನಿ ಹೋಗುತ್ತದೆ. ಮದ್ದೇ ಕಿಡ್ನಿಯನ್ನು ಬಾಧಿಸುತ್ತದೆ ಎಂದು ಹೀಗೆ ರೋಗಿಗಳ ಮೈಯಲ್ಲೇ ತಿಳಿಯಬೇಕಾಯಿತು. 1979ರಲ್ಲಿ ಕಾಲ್ನ್ ತಂಡ ವರದಿ ಮಾಡಿದ 34 ರೋಗಿಗಳಲ್ಲಿ ಮೂವರಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಬಂದಿತ್ತು. ತಮ್ಮ ಗೆಲುವಿನ ಜೊತೆಗೇ ಇದನ್ನೂ ಬರೆದಿಟ್ಟ ಆ ವೈದ್ಯರ ಬಗ್ಗೆ ನನಗೆ ತುಂಬ ಗೌರವ. ಮುಂದೆ ಪ್ರಮಾಣ ಇಳಿಯಿತು, ರಕ್ತದಲ್ಲಿ ಮದ್ದಿನ ಮಟ್ಟ ಅಳೆಯುವ ಪರೀಕ್ಷೆ ರೂಢಿಗೆ ಬಂತು.

ನಿರೋಧಕ ಶಕ್ತಿ ಕುಗ್ಗಿದವರಿಗೆ ನಮ್ಮ ಕಡೆಯ ಅಪಾಯ ಇನ್ನೊಂದಿದೆ, ಕ್ಷಯ. ಕನ್ನಡಿಗರೂ ಚಿಕಿತ್ಸೆಗೆ ಹೋಗುವ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿಡ್ನಿ ಕಸಿಯಾದ 1251 ಮಂದಿಯಲ್ಲಿ 166 ಮಂದಿಗೆ ಕ್ಷಯ ಬಂದಿತ್ತು. ಅದಕ್ಕೆ ಕೊಡುವ ರಿಫಾಂಪಿಸಿನ್ ಗುಳಿಗೆ ಪಿತ್ತಜನಕಾಂಗವನ್ನು ಚುರುಕುಗೊಳಿಸಿ ಸೈಕ್ಲೋಸ್ಪೋರಿನನ್ನು ಬೇಗ ಕರಗಿಸಿಬಿಡುತ್ತದೆ. ಆಗ ದೇಹ ಕಿಡ್ನಿಯನ್ನು ತಿರಸ್ಕರಿಸಿ, ಕ್ಷಯ ವಾಸಿಯಾಗುತ್ತಿರುವಾಗಲೇ ಕಿಡ್ನಿ ಕೈಕೊಡಬಹುದು. ಆದ್ದರಿಂದ ಕಸಿಯಾದವರು ಜ್ವರ, ಕೆಮ್ಮು ಎಂದು ಯಾವ ದವಾಖಾನೆಗೆ ಹೋದರೂ ಈಗ ನುಂಗುತ್ತಿರುವ ಗುಳಿಗೆಗಳ ಚೀಟಿಯನ್ನು ಮೊದಲು ತೋರಿಸಬೇಕು.