ಕಡಲತಳದ ಕುಸಿತಗಳು

ನಮ್ಮ ಸಿಂದಗಿಗೆ ಕಡಲು ಬಹು ದೂರ. ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಅದನ್ನು ಭೂಪಟದ ನೀಲಿ ಬಣ್ಣದಲ್ಲಿ ಮಾತ್ರ ಕಂಡವರು. ಆದರೂ ಭೀಮೆಯು ನಮ್ಮ ಸೀಮೆಯ ಕರಿಮಣ್ಣನ್ನು ಕೃಷ್ಣೆಗೂ, ಕೃಷ್ಣೆಯು ಬಂಗಾಲದ ಉಪಸಾಗರದ ಕಡೆಗೂ ಒಯ್ಯುವದರಿಂದ, ಕಡಲತಳದ ವಾರ್ತೆಯು ನಮಗೆ ತೀರ ಪರಕೀಯವಾದುದಲ್ಲ.

ದಡದಿಂದಾಚೆ ಸಮುದ್ರವು ಒಮ್ಮೆಲೇ ಆಳವಾಗುವದಿಲ್ಲ. ಮೊದಲು ಜಗಲಿಯಂಥ ಆಳವಿಲ್ಲದ ಭಾಗ, ಅದರಾಚೆ ಇಳಿಜಾರು, ಅದರ ಬುಡದಲ್ಲಿ ಆಳವಾದ ಬಯಲು ಇರುವವು. ಜಗಲಿಯಂಚಿನಲ್ಲಿಯೂ ಇಳಿಜಾರಿನಲ್ಲಿಯೂ ಕೆಸರು, ಮರಳು, ಚಿಪ್ಪುಗಳು ಸಾವಿರಾರು ವರ್ಷ ಶೇಖರವಾಗುತ್ತ ಹೋಗುವವು. ಕೆಸರು ಬೇಗಬೇಗನೆ ಬಿದ್ದರೆ ಅದರೊಳಗಿನ ನೀರಿಗೆ ಹೊರಬೀಳಲು ಆಸ್ಪದವಿಲ್ಲದೆ, ಮೇಲಿನ ಭಾರವನ್ನು ಆ ನೀರೇ ಹೊರಬೇಕಾಗುವದು. ಕಣಗಳ ಪರಸ್ಪರ ಹಿಡಿತವು ಸಡಿಲುವದು. ಆಗ ಭೂಕಂಪವಾದರೆ, ಅತ್ಯಲ್ಪ ಇಳುಕಲಿದ್ದರೂ ರಾಶಿಯು ಜಾರಿಹೋಗುವದು.

ಜಾರಿದ ರಾಶಿಯಲ್ಲಿ ಒಂದು ಭಾಗವು ಬಂಡೆ, ಕೆಸರು ಎಲ್ಲವೂ ಕಲಸಿಕೊಂಡಂತೆಯೇ ತಳದಲ್ಲಿ ನಿಲ್ಲುವದು. ಇನ್ನೊಂದು ಭಾಗವು ನೀರಿನೊಡನೆ ಬೆರೆತು, ಸುತ್ತಲಿನ ನೀರಿಗಿಂತ ಭಾರವಾದ ಪ್ರವಾಹವಾಗಿ ದೂರ ಹರಿಯುವದು. ಭೀಮೆಯ ಹೊಸನೀರನ್ನು ಕೊಡದಲ್ಲಿ ತುಂಬಿಟ್ಟರೆ ಮರಳು ಮೊದಲು, ನಯವಾದ ಮಣ್ಣು ಕಡೆಗೆ ತಳಕ್ಕಿಳಿಯುವದಷ್ಟೆ. ಆ ಪ್ರವಾಹವು ನಿಧಾನವಾದಾಗಲೂ ಹಾಗೆಯೇ. ಕೆಳಗೆ ದಪ್ಪ ಮರಳು, ಮೇಲೆ ನುಣುಪಾದ ಕೆಸರು, ಹೀಗೆ ಒಂದೊಂದು ಪ್ರವಾಹಕ್ಕೆ ಒಂದೊಂದು ಪದರು. ರಾಣೇಬೆನ್ನೂರು ಸೀಮೆಯ 250 ಕೋಟಿ ವರ್ಷಗಳಿಗೂ ಹಿಂದಿನ ಶಿಲೆಗಳಲ್ಲಿ ಇಂಥ ಪದರುಗಳಿವೆ. ಅಲ್ಲಿ ಒಮ್ಮೆ ಸಮುದ್ರವಿತ್ತೆಂಬದಕ್ಕೆ ಅವೇ ಸಾಕ್ಷಿ.

ನಮ್ಮ ಪಶ್ಚಿಮದ ಅರಬ್ಬೀ ಸಮುದ್ರದಲ್ಲಿ ಅತಿ ದೊಡ್ಡ ಕುಸಿತವೊಂದು ನಡೆದಿದೆ. ವಿಜ್ಞಾನಿಗಳು ಅದಕ್ಕೆ ನಟರಾಜ ಎಂಬ ಹೆಸರಿಟ್ಟಿದ್ದಾರೆ. ಸುಮಾರು 1 ಕೋಟಿ 8 ಲಕ್ಷ ವರ್ಷಗಳ ಹಿಂದೆ ಸುಮಾರು 19,000 ಘನ ಕಿಲೋಮೀಟರ್ ಪದಾರ್ಥವು ಜಾರಿ, ಲಕ್ಷ್ಮಿ ಎಂಬ ತಗ್ಗನ್ನು ಸೇರಿತು. 2015ರಲ್ಲಿ ಸಂಶೋಧನೆಯ ಹಡಗೊಂದು ಅಲ್ಲಿ ಸುಮಾರು 3,600 ಮೀಟರ್ ನೀರಿನ ಕೆಳಗೆ ತಳವನ್ನು ಕೊರೆದಾಗ, ಆಳವಿಲ್ಲದ ನೀರಿನಲ್ಲಿ ಹುಟ್ಟುವ ಸುಣ್ಣಗಲ್ಲಿನ ಚೂರುಗಳು ದೊರೆತವು. ಅಷ್ಟು ಆಳಕ್ಕೆ ಅವು ಜಗಲಿಯಿಂದ ಜಾರಿಯೇ ಬಂದಿರಬೇಕು.

ಇದು ಪುರಾತನ ಕಾಲದ ಸಂಗತಿ ಮಾತ್ರವೆಂದು ಎಣಿಸಬಾರದು. 1929ರ ನವೆಂಬರ್ 18ರಂದು ಉತ್ತರ ಅಮೇರಿಕೆಯ ನ್ಯೂಫೌಂಡ್‌ಲೆಂಡ್ ಬಳಿ ಭೂಕಂಪವಾಗಿ, ಕಡಲತಳದ 12 ತಂತಿಗಳು ತುಂಡಾದವು. ಹತ್ತಿರದವು ಕೂಡಲೇ, ದೂರದವು ತಾಸುಗಟ್ಟಲೆ ತಡೆದು, ಒಂದರ ಹಿಂದೊಂದರಂತೆ ಕಡಿದದ್ದು ಯಾಕೆ? ಕೆಸರಿನ ಪ್ರವಾಹವು ಅವನ್ನು ಕ್ರಮವಾಗಿ ಮುಟ್ಟುತ್ತ ಹೋಯಿತೆಂದು 1952ರಲ್ಲಿ ಹೀಜನ್, ಯೂಯಿಂಗ್ ಎಂಬವರು ವೇಳೆಗಳನ್ನು ಲೆಕ್ಕಿಸಿ ತೋರಿಸಿದರು. ಆ ಕುಸಿತದಿಂದೆದ್ದ ತೆರೆಗಳು 28 ಜನರ ಪ್ರಾಣವನ್ನು ತೆಗೆದುಕೊಂಡವು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕಡಲತೀರದ ಊರುಗಳಲ್ಲಿ ಸಂಸಾರ ಹೂಡಿದವರೂ ಪರದೇಶದಲ್ಲಿರುವವರೂ ಇದ್ದಾರೆ. ದೂರದ ಮಗಳ ಧ್ವನಿಯು ತಾಯಿಯ ಕಿವಿಗೆ ಬೀಳುವದು ಇಂದಿಗೂ ಬಹುಮಟ್ಟಿಗೆ ಕಡಲತಳದ ತಂತಿಗಳ ಮುಖಾಂತರವೇ. ತೀರದಲ್ಲಿರುವವರಿಗೆ ನಾವು ಹೇಳುವ ಬುದ್ಧಿಮಾತು ಇಷ್ಟೇ: ನೆಲವು ಬಲವಾಗಿ ನಡುಗಿದರೆ, ಇಲ್ಲವೆ ಸಮುದ್ರವು ಅಕಸ್ಮಾತ್ತಾಗಿ ಹಿಂದೆ ಸರಿದರೆ, ನೋಡುತ್ತ ನಿಲ್ಲಬೇಡಿರಿ, ಸೂಚನೆಗಾಗಿಯೂ ಕಾಯಬೇಡಿರಿ, ಮಕ್ಕಳ ಕೈ ಹಿಡಿದು ಎತ್ತರದ ಸ್ಥಳಕ್ಕೆ ಹೋಗಿರಿ. ಕಲಿತ ಪಾಠವು ಜೀವವನ್ನು ಉಳಿಸಿದರೆ ಕಲಿಸಿದವರಿಗೆ ಅದಕ್ಕಿಂತ ಹೆಚ್ಚಿನ ಸಂತೋಷವೇನಿದೆ?