ಬಾಗಿಲ ಕ್ಯಾಮೆರಾ ಬೆಲ್ಲಿನ ಸುಳ್ಳು ಕೂಗು

ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ಈಚೆಗೆ ಮುಂಬಾಗಿಲಿಗೆ ಕ್ಯಾಮೆರಾ ಇರುವ ಕರೆಗಂಟೆಯನ್ನು, ಅಂದರೆ ವಿಡಿಯೋ ಡೋರ್‌ಬೆಲ್ಲನ್ನು ಹಾಕಿಸಿಕೊಂಡಿರುವುದು ಸರಿಯಷ್ಟೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ತೋಟದ ಮನೆಯಲ್ಲಿ ವಯಸ್ಸಾದ ಇಬ್ಬರೇ ಉಳಿದಿರುವಲ್ಲಿ ಇದು ಉಪಯುಕ್ತವಾದ ಸಾಧನವೇ. ಆದರೆ ಕಛೇರಿಯಲ್ಲಿ ಗೊಬ್ಬರದ ಬಿಲ್ಲು ಬರೆಸುತ್ತಾ ಸದಸ್ಯರು ಹೇಳುವ ದೂರು ಒಂದೇ: "ಮನುಷ್ಯರು ಬಂದರೆ ಸುಮ್ಮನಿರುತ್ತದೆ, ಸೋಗೆ ಅಲ್ಲಾಡಿದರೆ ಕೂಗುತ್ತದೆ."

ಈ ವಿಷಯದಲ್ಲಿ ನಾವೇ ಪೆಟ್ಟು ತಿಂದವರು. ಕಳೆದ ಕೊಯ್ಲಿನ ಕಾಲದಲ್ಲಿ ನಮ್ಮ ಮನೆಯ ಬೆಲ್ಲು ಒಂದು ರಾತ್ರಿಗೆ ನಲವತ್ತು ಐವತ್ತು ಸಲ ಮೊಬೈಲಿನಲ್ಲಿ ಕೂಗುತ್ತಿತ್ತು. ನಾಲ್ಕು ರಾತ್ರಿ ಎದ್ದೆದ್ದು ನೋಡಿದೆವು. ಹಾತೆ, ಬೆಕ್ಕು, ಗಾಳಿಗೆ ತೂಗುವ ಸೋಗೆ, ಮತ್ತೆ ಹಾತೆ. ಐದನೆಯ ರಾತ್ರಿ ಮೊಬೈಲಿನ ಶಬ್ದ ನಿಲ್ಲಿಸಿ ಮಲಗಿದೆವು. ಅದಾದ ವಾರದೊಳಗೆ ಜಗಲಿಯ ತುದಿಯಲ್ಲಿ ಜೋಡಿಸಿಟ್ಟಿದ್ದ ಒಣ ಅಡಿಕೆಯ ಎರಡು ಮೂಟೆ ಕಾಣೆಯಾದವು. ಬೆಳಿಗ್ಗೆ ನೋಡಿದರೆ ಬೆಲ್ಲು ತನ್ನ ಕೆಲಸ ಮಾಡಿತ್ತು. ರಾತ್ರಿ ಎರಡರ ಸುಮಾರಿಗೆ ಇಬ್ಬರು ಜಗಲಿಯಲ್ಲಿದ್ದ ಚಿತ್ರ ಹಾತೆಗಳ ಚಿತ್ರಗಳ ನಡುವೆ ಇತ್ತು. ಅದರಲ್ಲಿಯೂ ಕಂಡದ್ದು ಬೆನ್ನು ಮಾತ್ರ. ಬೆನ್ನು ನೋಡಿ ಯಾರನ್ನು ಗುರುತಿಸುವುದು? ಒಂದು ಮೂಟೆ ಅಡಿಕೆಯ ಹಣದಲ್ಲಿ ಇಂತಹ ಮೂರು ಬೆಲ್ಲು ಬರುತ್ತವೆ. ಆ ಬಳಿಕ ಬೇಸಿಗೆಯುದ್ದಕ್ಕೂ ನಾವು ಈ ಸೆಟ್ಟಿಂಗುಗಳ ಹಿಂದೆ ಬಿದ್ದು, ತಿಳಿದವರನ್ನು ಕೇಳಿ, ಮಾಡಿ ನೋಡಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ತಿಳಿಯಬೇಕಾದುದು ನಿಮ್ಮ ಬೆಲ್ಲಿಗೆ ಯಾವ ಕಣ್ಣಿದೆ ಎಂಬುದು. ಬ್ಯಾಟರಿಯಿಂದ ನಡೆಯುವ ಬೆಲ್ಲುಗಳಲ್ಲಿ ಸಾಮಾನ್ಯವಾಗಿ ಶಾಖದ ಕಣ್ಣಿರುತ್ತದೆ, ಇದನ್ನು ಪಿ.ಐ.ಆರ್. ಎನ್ನುತ್ತಾರೆ. ಕ್ಯಾಮೆರಾವನ್ನು ದಿನವಿಡೀ ಎಚ್ಚರವಾಗಿಟ್ಟರೆ ಬ್ಯಾಟರಿ ಬೇಗ ಮುಗಿಯುವುದರಿಂದ, ಅತ್ಯಲ್ಪ ವಿದ್ಯುತ್ತಿನಲ್ಲಿ ಕಾಯುವ ಈ ಕಣ್ಣು ಮೊದಲು ಶಾಖದ ಚಲನೆಯನ್ನು ಕಂಡು ಆಮೇಲೆ ಕ್ಯಾಮೆರಾವನ್ನು ಎಬ್ಬಿಸುತ್ತದೆ. ಕರೆಂಟಿನ ತಂತಿ ಎಳೆದು ಕೂಡಿಸಿದ ಬೆಲ್ಲುಗಳಲ್ಲಿ ಕ್ಯಾಮೆರಾ ಸದಾ ಎಚ್ಚರವಿದ್ದು, ಈ ಕ್ಷಣದ ಚಿತ್ರವನ್ನು ಹಿಂದಿನ ಕ್ಷಣದ ಚಿತ್ರದೊಡನೆ ಹೋಲಿಸಿ ವ್ಯತ್ಯಾಸ ಕಂಡಾಗ ಕೂಗುವ ಕ್ರಮ ಹೆಚ್ಚು. ಕೆಲವದರಲ್ಲಿ ಎರಡೂ ಉಂಟು. ಬೆಲ್ಲಿನ ಜೊತೆ ಬಂದ ಪುಸ್ತಕವನ್ನು ರಟ್ಟಿನ ಪೆಟ್ಟಿಗೆಯೊಡನೆ ಬಚ್ಚಲ ಒಲೆಗೆ ಹಾಕಿರದಿದ್ದರೆ ಅದರಲ್ಲಿ ನೋಡಬಹುದು. ಪುಸ್ತಕವಿಲ್ಲದವರು ಮುಂಜಾನೆ ಬಿಸಿಲೇರುವ ಮೊದಲು, ಉದ್ದನೆಯ ಕೋಲಿನ ತುದಿಗೆ ಬಟ್ಟೆ ಕಟ್ಟಿ, ತಾವು ಗೋಡೆಯ ಮರೆಯಲ್ಲಿ ನಿಂತು ಬೆಲ್ಲಿನ ಎದುರು ಆಡಿಸಿದರೆ ಸಾಕು. ತಣ್ಣನೆಯ ಬಟ್ಟೆಗೆ ಕೂಗಿದರೆ ಅದು ಚಿತ್ರ ಹೋಲಿಸುವ ಕಣ್ಣು. ಬಟ್ಟೆಗೆ ಸುಮ್ಮನಿದ್ದು ನೀವು ಹೊರಬಂದಾಗ ಕೂಗಿದರೆ ಶಾಖದ ಕಣ್ಣು.

ಶಾಖದ ಕಣ್ಣಿನ ಮುಂದಿರುವ ಮಸೂರವು ಎದುರಿನ ಜಾಗವನ್ನು ಬೀಸಣಿಗೆಯ ಮಡಿಕೆಗಳಂತೆ ಹೋಳುಹೋಳಾಗಿ ವಿಂಗಡಿಸುತ್ತದೆ. ಬೆಚ್ಚಗಿನ ಮೈಯೊಂದು ಒಂದು ಹೋಳಿನಿಂದ ಮತ್ತೊಂದಕ್ಕೆ ದಾಟಿದಾಗ ಆಗುವ ಏರುಪೇರನ್ನೇ ಅದು ಚಲನೆಯೆಂದು ತಿಳಿಯುವುದು. ಆದುದರಿಂದ ಅಡ್ಡವಾಗಿ ಹಾದುಹೋಗುವವನನ್ನು ಅದು ಚೆನ್ನಾಗಿ ಕಾಣುತ್ತದೆ. ನೇರವಾಗಿ ತನ್ನ ಕಡೆಗೇ ನಡೆದುಬರುವವನನ್ನು ತಡವಾಗಿ ಕಾಣುತ್ತದೆ. ನಮ್ಮ ಕಡೆಯ ಮನೆಗಳನ್ನು ನೆನೆಸಿಕೊಳ್ಳಿ. ದಣಪೆ ದಾಟಿದರೆ ಅಂಗಳ, ಅಂಗಳದಿಂದ ನೇರ ಮೆಟ್ಟಿಲು, ಮೆಟ್ಟಿಲ ಮೇಲೆ ಬಾಗಿಲು. ಬಂದವನು ಅಷ್ಟು ದೂರವೂ ಬೆಲ್ಲಿನ ಮೂಗಿನ ನೇರಕ್ಕೇ ಬರುತ್ತಾನೆ. ನಮ್ಮ ಮನೆಯಲ್ಲಿ ಆದದ್ದು ಇದೇ. ಬಂದವರು ಜಗಲಿಯ ತುದಿಗೆ ಅಡ್ಡ ತಿರುಗಿದ ಮೇಲೆ ಕಣ್ಣಿಗೆ ಬಿದ್ದರು, ಕ್ಯಾಮೆರಾ ನಿದ್ದೆಯಿಂದೇಳಲು ಮತ್ತೆ ಒಂದೆರಡು ಕ್ಷಣ ಹಿಡಿಯಿತು, ಅಷ್ಟರಲ್ಲಿ ಮುಖ ಆಚೆಗಾಗಿತ್ತು.

ಇದಕ್ಕೆ ಆಪಿನಲ್ಲಿ ಮದ್ದಿಲ್ಲ, ಬಡಗಿಯ ಹತ್ತಿರ ಇದೆ. ಬೆಲ್ಲಿನ ಹಿಂದೆ ಓರೆಯಾದ ಮರದ ಬೆಣೆಯೊಂದನ್ನು ಕೊಟ್ಟು, ಅದರ ಮುಖ ದಾರಿಗೆ ಓರೆಯಾಗುವಂತೆ ತಿರುಗಿಸಿದರೆ ಬರುವವನು ನೋಟವನ್ನು ಅಡ್ಡ ಹಾಯಲೇಬೇಕಾಗುತ್ತದೆ. ಎತ್ತರವೂ ಮುಖ್ಯ. ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿದ್ದರೆ ಮುಖವೂ ಕಾಣುತ್ತದೆ, ಶಾಖದ ಕಣ್ಣಿನ ನೋಟವೂ ಮನುಷ್ಯನ ಮೈ ಮೇಲೆ ಬೀಳುತ್ತದೆ. ನಮ್ಮಲ್ಲಿ ಅಳವಡಿಸಲು ಬಂದ ಹುಡುಗ, ಕೈಗೆ ಸಿಗಬಾರದೆಂದು ಆರೂವರೆ ಅಡಿಗೆ ಏರಿಸಿ ಹೋಗಿದ್ದ. ಅಷ್ಟು ಎತ್ತರದಿಂದ ಅದು ಜಗಲಿಯನ್ನು ಬಿಟ್ಟು ಆಚೆಯ ರಸ್ತೆಯ ಜೀಪುಗಳನ್ನು ಕಾಯುತ್ತಿತ್ತು.

ಶಾಖದ ಕಣ್ಣಿಗೆ ಋತುಮಾನವೂ ಉಂಟು. ನಮ್ಮ ಚರ್ಮದ ಶಾಖ ಮೂವತ್ತಮೂರು ಡಿಗ್ರಿಯ ಆಸುಪಾಸು. ಏಪ್ರಿಲ್ ಮಧ್ಯಾಹ್ನ ಅಂಗಳವೂ ಅಷ್ಟೇ ಕಾದಿರುವಾಗ ಮನುಷ್ಯನಿಗೂ ನೆಲಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯುವುದು ಕಷ್ಟ. ಬೇಸಿಗೆಯಲ್ಲಿ ಸೆನ್ಸಿಟಿವಿಟಿಯನ್ನು ಒಂದು ಮೆಟ್ಟಿಲು ಏರಿಸಿ, ಮಳೆಗಾಲದಲ್ಲಿ ಇಳಿಸುವುದು ಒಳ್ಳೆಯದು. ಆಗತಾನೆ ಬಂದು ನಿಂತ ಜೀಪಿನ ಬಾನೆಟ್ಟು, ಅಡಿಕೆ ಬೇಯಿಸುವ ಹಂಡೆಯ ಹಬೆ, ಇವು ಅದರ ನೋಟದೊಳಗೆ ಇರಬಾರದು. ಮಳೆಗೆ ನೆನೆಯದಿರಲೆಂದು ಕಿಟಕಿಯ ಗಾಜಿನ ಹಿಂದೆ ಇಟ್ಟವರೂ ಇದ್ದಾರೆ. ಈ ಶಾಖದ ಕಿರಣ ಸಾಮಾನ್ಯ ಗಾಜನ್ನು ದಾಟಿ ಬರುವುದಿಲ್ಲವಾದ್ದರಿಂದ ಅಲ್ಲಿ ಅದು ಕುರುಡು.

ಚಿತ್ರ ಹೋಲಿಸುವ ಕಣ್ಣಿನ ತೊಂದರೆ ಬೇರೆ. ಸೋಗೆಯ ನೆರಳು, ಮೋಡ ಸರಿದಾಗಿನ ಬಿಸಿಲು, ವಾಹನದ ದೀಪ, ಮಳೆಯ ಎಳೆ, ಎಲ್ಲವೂ ಅದಕ್ಕೆ ಚಲನೆಯೇ. ರಾತ್ರಿಯಂತೂ ಹೇಳುವಂತಿಲ್ಲ. ಕತ್ತಲಾದೊಡನೆ ಬೆಲ್ಲು ಕಣ್ಣಿಗೆ ಕಾಣದ ಇನ್ಫ್ರಾರೆಡ್ ದೀಪಗಳನ್ನು ಹಚ್ಚಿಕೊಳ್ಳುತ್ತದೆ. ಈ ದೀಪ ಮಸೂರದ ಪಕ್ಕದಲ್ಲೇ ಇರುವುದರಿಂದ, ನಾಲ್ಕು ಬೆರಳು ದೂರದಲ್ಲಿ ಹಾರಿದ ಸೊಳ್ಳೆಯೂ ಬೆಳ್ಳಗೆ ಹೊಳೆದು ಹದ್ದಿನಷ್ಟು ದೊಡ್ಡದಾಗಿ ಕಾಣುತ್ತದೆ. ಜಗಲಿಯ ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಜೇಡ ಮಸೂರದ ಮುಂದೆ ಬಲೆ ನೇಯುತ್ತದೆ. ಗಾಳಿಗೆ ಆಡುವ ಆ ಒಂದು ಎಳೆಯೇ ನಮ್ಮ ನಲವತ್ತು ಕೂಗುಗಳಲ್ಲಿ ಅರ್ಧಕ್ಕೆ ಕಾರಣವಾಗಿತ್ತು. (ನಮ್ಮದರಲ್ಲಿ ಎರಡು ಜಾತಿಯ ಕಣ್ಣೂ ಇದ್ದವೆಂದು ತಿಳಿದದ್ದು ಆಮೇಲೆ.) ಜಗಲಿಯ ದೀಪವನ್ನು ಬೆಲ್ಲಿನಿಂದ ಏಳೆಂಟು ಅಡಿ ದೂರಕ್ಕೆ ಸರಿಸಿ, ವಾರಕ್ಕೊಮ್ಮೆ ಮೆತ್ತನೆಯ ಬ್ರಷ್ಷಿನಿಂದ ಮಸೂರದ ಸುತ್ತ ಒರೆಸತೊಡಗಿದೆವು. ಒಂದು ರೂಪಾಯಿ ಖರ್ಚಿಲ್ಲದೆ ಕೂಗು ಹತ್ತಕ್ಕೆ ಇಳಿಯಿತು.

ಬಾಗಿಲಿಗೆ ಕ್ಯಾಮೆರಾ ಕಟ್ಟುವ ಯೋಚನೆ ಹೊಸದಲ್ಲ. ನ್ಯೂಯಾರ್ಕಿನಲ್ಲಿ ದಾದಿಯಾಗಿದ್ದ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬಾಕೆ ಪತಿಯೊಡನೆ 1966ರಲ್ಲಿಯೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿ 1969ರಲ್ಲಿ ಪಡೆದರು. ಬಾಗಿಲಲ್ಲಿ ಬೇರೆಬೇರೆ ಎತ್ತರಕ್ಕೆ ಇಣುಕುಕಿಂಡಿಗಳು, ಅವುಗಳ ಹಿಂದೆ ಮೇಲೆಕೆಳಗೆ ಸರಿಯುವ ಕ್ಯಾಮೆರಾ, ಒಳಗಿನ ಕೋಣೆಯಲ್ಲಿ ಟಿ.ವಿ. ಅಲ್ಲಿ ಬಂದವರು ಯಾರೆಂದು ನೋಡಿ ತೀರ್ಮಾನಿಸುತ್ತಿದ್ದವರು ಮನೆಯವರೇ. ಈಗ ಯಾರನ್ನು ನಮಗೆ ತೋರಿಸಬೇಕೆಂದು ಯಂತ್ರವೇ ಮೊದಲು ತೀರ್ಮಾನಿಸುತ್ತದೆ. ಅದಕ್ಕೆ ಹೇಳಿಕೊಡುವ ಕೆಲಸ ಮಾತ್ರ ನಮ್ಮ ಪಾಲಿಗಿದೆ.

ಹೇಳಿಕೊಡುವಾಗ ಬಹುತೇಕ ಎಲ್ಲರೂ ಮಾಡುವ ತಪ್ಪು, ಕೂಗು ಹೆಚ್ಚಾಯಿತೆಂದು ಮೊದಲೇ ಸೆನ್ಸಿಟಿವಿಟಿಯನ್ನು ತಳಕ್ಕೆ ಇಳಿಸುವುದು. ಆಗ ಸೋಗೆಯೂ ಹೋಯಿತು, ಕಳ್ಳನೂ ಹೋದ. ಸದಸ್ಯರೊಬ್ಬರು ಹೀಗೆ ಮಾಡಿದ ಮೇಲೆ, ಒಂಟಿಯಾಗಿರುವ ಅವರ ತಾಯಿಯವರಿಗೆ ಔಷಧಿ ತಂದವನು ಬಾಗಿಲವರೆಗೆ ಬಂದು ತಿರುಗಿ ಹೋದದ್ದು ಮಗನಿಗೆ ತಿಳಿಯಲೇ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಮೊದಲು ಜಾಗ ಮತ್ತು ಓರೆ, ಆಮೇಲೆ ಜೋನು, ಕಟ್ಟಕಡೆಗೆ ಸೆನ್ಸಿಟಿವಿಟಿ. ಜೋನು ಎಂದರೆ ಚಿತ್ರದಲ್ಲಿ ಇಷ್ಟು ಜಾಗವನ್ನು ಮಾತ್ರ ಗಮನಿಸು ಎಂದು ಬೆರಳಿನಿಂದ ಗೆರೆ ಎಳೆದು ಹೇಳುವುದು. ದಣಪೆಯ ಒಳಗಿನ ದಾರಿ, ಮೆಟ್ಟಿಲು, ಜಗಲಿ ಇದರೊಳಗಿರಲಿ. ಮರಗಳ ತಲೆ, ರಸ್ತೆ ಹೊರಗಿರಲಿ. ಪಕ್ಕದವರ ಅಂಗಳ, ಕೆಲಸದವರ ಲೈನ್ ಮನೆಗಳ ಬಾಗಿಲು ನೋಟಕ್ಕೇ ಬಾರದಂತೆ ಬೆಲ್ಲನ್ನು ತಿರುಗಿಸುವುದು ಮರ್ಯಾದೆ.

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಹತ್ತಾರು ಜನ ಅಂಗಳದಲ್ಲೇ ಕುಳಿತಿರುವಾಗ ಬೆಲ್ಲನ್ನು ಪೂರ್ತಿ ನಿಲ್ಲಿಸುವ ಬದಲು, ಜೋನನ್ನು ದಣಪೆಗೆ ಸೀಮಿತಗೊಳಿಸಿರಿ. 'ಮನುಷ್ಯರಿಗೆ ಮಾತ್ರ' ಎಂಬ ಸೆಟ್ಟಿಂಗ್ ಇರುವ ಬೆಲ್ಲುಗಳಲ್ಲಿ ಅದನ್ನು ಬಳಸಬಹುದಾದರೂ, ಕಂಬಳಿಕೊಪ್ಪೆ ಹೊದ್ದು ಬಂದವನನ್ನು ಅದು ಮನುಷ್ಯನೆಂದು ಒಪ್ಪದಿರುವುದುಂಟು. ಆದುದರಿಂದ ಚಲನೆಯೆಲ್ಲವೂ ದಾಖಲಾಗಲಿ, ಮೊಬೈಲು ಕೂಗುವುದು ಮನುಷ್ಯರಿಗೆ ಮಾತ್ರ ಇರಲಿ, ಎಂದು ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಲು ಸಾಧ್ಯವಿದ್ದರೆ ಹಾಗೆ ಮಾಡಿರಿ. ಬ್ಯಾಟರಿ ಬೆಲ್ಲು ಒಂದು ಚಿತ್ರ ತೆಗೆದ ಮೇಲೆ ಸ್ವಲ್ಪ ಹೊತ್ತು ವಿಶ್ರಾಂತಿ ಪಡೆಯುತ್ತದೆ. ನಾಯಿಯನ್ನು ಕಂಡು ಕೂಗಿ ಮಲಗಿದಾಗ ಹಿಂದೆ ಬಂದವನು ತಪ್ಪಿಹೋಗುತ್ತಾನೆ. ಕೊಯ್ಲಿನ ತಿಂಗಳುಗಳಲ್ಲಿ ಈ ವಿರಾಮವನ್ನು ಅತಿ ಕಡಿಮೆಗೆ ಇಡುವುದು, ಬ್ಯಾಟರಿಯನ್ನು ಹೆಚ್ಚು ಸಲ ಚಾರ್ಜ್ ಮಾಡುವುದು.

ಕೂಗು ತಡವಾಗಿ ಬರುತ್ತಿದ್ದರೆ ದೋಷ ಚಲನೆಯ ಸೆಟ್ಟಿಂಗಿನಲ್ಲಿ ಇಲ್ಲದಿರಬಹುದು. ಒಳಕೋಣೆಯ ವೈ-ಫೈ ಪೆಟ್ಟಿಗೆಗೂ ಬಾಗಿಲಿಗೂ ನಡುವೆ ಎರಡು ದಪ್ಪ ಜಂಬಿಟ್ಟಿಗೆ ಗೋಡೆಗಳಿದ್ದರೆ ಸಂಕೇತ ಸೊರಗುತ್ತದೆ. ಬೆಲ್ಲನ್ನು 2.4 ಗಿಗಾಹರ್ಟ್ಸ್‌ನ ಜಾಲಕ್ಕೆ ಕೂಡಿಸಿದರೆ ಗೋಡೆ ದಾಟುವುದು ಸುಲಭ. ಮೊಬೈಲಿನ ಬ್ಯಾಟರಿ ಉಳಿತಾಯದ ಏರ್ಪಾಡು ಆಪನ್ನು ಮಲಗಿಸುತ್ತಿದೆಯೇ ಎಂಬುದನ್ನೂ ನೋಡಿರಿ.

ಏನೇ ಬದಲಾಯಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಎರಡು ಮೂರು ರಾತ್ರಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿರಿ. ಒಬ್ಬರು ಮೊಬೈಲು ಹಿಡಿದು ಒಳಗೆ ಕುಳಿತು, ಇನ್ನೊಬ್ಬರು ದಣಪೆಯಿಂದ ನೇರವಾಗಿ ಒಮ್ಮೆ, ಅಂಗಳದ ಅಂಚಿನಿಂದ ಒಮ್ಮೆ, ಹಗಲು ಒಮ್ಮೆ, ದೀಪವಾರಿಸಿ ಒಮ್ಮೆ ನಡೆದು, ಎಲ್ಲಿ ಕೂಗಿತೆಂದು ಮಳೆಯ ಲೆಕ್ಕ ಬರೆಯುವ ಪುಸ್ತಕದಲ್ಲೇ ಗುರುತು ಹಾಕಿಕೊಂಡರಾಯಿತು. ನಮ್ಮ ಬೆಲ್ಲು ಈಗ ರಾತ್ರಿಗೆ ಎರಡೋ ಮೂರೋ ಸಲ ಕೂಗುತ್ತದೆ, ನಾವೂ ಏಳುತ್ತೇವೆ. ಓರೆ ಬೆಣೆಯ ಅಳತೆ ಬೇಕಾದವರು ಸಂತೆಯ ದಿನ ಕಛೇರಿಗೆ ಬರುವಾಗ ತಮ್ಮ ಬೆಲ್ಲಿನ ಅಗಲ ಉದ್ದವನ್ನೂ, ದಣಪೆಯಿಂದ ಬಾಗಿಲಿಗಿರುವ ದಾರಿಯ ಒಂದು ಕಚ್ಚಾ ನಕ್ಷೆಯನ್ನೂ ತರಬೇಕಾಗಿ ಕೋರುತ್ತೇವೆ.